ಪುಟ್ಟತಾಯಮ್ಮನ ಒಂದೇ ಒಂದು ಫೋಟೊ

ಸುಮತಿಯ ಮನೆಯ ಫ್ರೀಜರಿನಲ್ಲಿ ಮಂಜುಗಡ್ಡೆ ಬಿಟ್ಟರೆ ಬೇರೇನೂ ಇಡುವಂತಿಲ್ಲ. ಬಟಾಣಿ ಇಡುವಂತಿಲ್ಲ, ತೆಂಗಿನ ತುರಿ ಇಡುವಂತಿಲ್ಲ, ಮಗಳು ಮಧುರಾ ಆಸೆಪಟ್ಟು ತಂದ ಐಸ್‌ಕ್ರೀಮನ್ನು ತಂದ ದಿನವೇ ತಿಂದು ಮುಗಿಸಬೇಕು. ಮೊಸರಿನ ಹಳೇ ಡಬ್ಬಿ, ಸ್ಟೀಲ್ ಲೋಟ, ಟಿಫಿನ್ ಕ್ಯಾರಿಯರಿನ ಬಟ್ಟಲು, ಹೀಗೆ ಕೈಗೆ ಸಿಕ್ಕಿದ್ದರಲ್ಲೆಲ್ಲ ನೀರು ತುಂಬಿಸಿ ಗಡ್ಡೆ ಕಟ್ಟಲು ಬಿಟ್ಟಿರುತ್ತಾಳೆ. ಚೆನ್ನೈನ ನಲ್ಲಿಯಲ್ಲಿ ಬರುವ ನೀರು ಬೆಳಗಿನ ಹೊತ್ತೂ ಸ್ನಾನಕ್ಕೆ ಕಾಯಿಸಿಟ್ಟ ಹಾಗಿರುತ್ತದೆ. ಕಪ್ಪು-ಬಿಳುಪು ಫಿಲ್ಮ್ ತೊಳೆಯುವ ಡೆವಲಪರಿಗೋ ಇಪ್ಪತ್ತು ಡಿಗ್ರಿಯ ತಂಪೇ ಬೇಕು. ಬೇರೆ ಊರಿನವರು ನಲ್ಲಿ ತಿರುಗಿಸಿ ಮಾಡುವ ಕೆಲಸಕ್ಕೆ ಮಾಧವರಂನ ಸುಮತಿ ಹಿಂದಿನ ದಿನವೇ ಮಂಜುಗಡ್ಡೆ ಕಟ್ಟಿಸಬೇಕು.

"ಊಟಿಯಲ್ಲಿ ಶುರು ಮಾಡಬೇಕಾದ ಹುಚ್ಚನ್ನ ಇಲ್ಲಿ ಶುರು ಮಾಡಿದ್ದೀಯ" ಎನ್ನುತ್ತಾನೆ ಗಂಡ ಕಮಲಾಕರ. ಅವನು ರೈಲ್ವೆಯಲ್ಲಿ ಸಿಗ್ನಲ್ ವಿಭಾಗದವನು. ಎಲ್ಲ ವಿಷಯಕ್ಕೂ ಒಂದು ಕೆಂಪು ದೀಪ ತೋರಿಸುವುದು ಅವನ ಅಭ್ಯಾಸ. ಸುಮತಿ ಅದನ್ನು ನೋಡಿಯೂ ನೋಡದ ಹಾಗೆ ಮುಂದೆ ಹೋಗುವುದು ಅವಳ ಅಭ್ಯಾಸ. ಸಂಸಾರ ಚೆನ್ನಾಗಿಯೇ ನಡೆದಿದೆ.

ಹುಚ್ಚು ಮೊದಲು ಹುಟ್ಟಿದ್ದು ಅವಳಿಗಲ್ಲ, ಮಗಳಿಗೆ. ಮಧುರಾ ಕಾಲೇಜಿನಲ್ಲಿ ಯಾರನ್ನೋ ನೋಡಿ ಸೆಕೆಂಡ್ ಹ್ಯಾಂಡ್ ಫಿಲ್ಮ್ ಕ್ಯಾಮೆರಾ ಕೊಂಡಳು, ಫಿಲ್ಮ್ ತೊಳೆಯುವ ಡಬ್ಬಿ ಕೊಂಡಳು, ತೊಳೆಯಲು ಬೇಕಾದ ರಾಸಾಯನಿಕ ಪುಡಿಗಳನ್ನು ಕೊರಿಯರಿನಲ್ಲಿ ತರಿಸಿದಳು. ಎರಡು ರೋಲ್ ತೊಳೆದಳು, ಬೇಸರವಾಯಿತು, ಎಲ್ಲವನ್ನೂ ಅಟ್ಟಕ್ಕೆ ಏರಿಸಿದಳು. ಸುಮತಿ ಆಗಷ್ಟೇ ವಿಮಾ ಕಚೇರಿಯ ಕೆಲಸಕ್ಕೆ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತಿದ್ದಳು. ಒಂದು ದಿನ ಅಟ್ಟ ಗುಡಿಸುವಾಗ ಪುಡಿಯ ಪೊಟ್ಟಣದ ಮೇಲಿನ ತಾರೀಕು ಕಣ್ಣಿಗೆ ಬಿತ್ತು. ಇನ್ನು ಸ್ವಲ್ಪ ದಿನಕ್ಕೆ ಕೆಟ್ಟುಹೋಗುತ್ತದೆ! ಹುಳಿ ಬಂದ ಹಿಟ್ಟನ್ನು ಪಡ್ಡು ಮಾಡಿ ಮುಗಿಸುವ ಹೆಂಗಸು ಇಷ್ಟು ದುಬಾರಿ ಪುಡಿ ಹಾಳಾಗುವುದನ್ನು ನೋಡಿಕೊಂಡು ಸುಮ್ಮನಿರಲು ಸಾಧ್ಯವೇ? ಯೂಟ್ಯೂಬ್ ನೋಡಿ ಕಲಿತಳು. ಬರೀ ಪುಡಿ ಮುಗಿಸುವ ಉದ್ದೇಶದಿಂದ ಶುರು ಮಾಡಿದ್ದು. ಪುಡಿ ಮುಗಿಯಿತು, ಆಮೇಲೆ ತಾನೇ ಹೊಸದು ತರಿಸಿದಳು.

ಬಚ್ಚಲುಮನೆಯೇ ಅವಳ ಕಾರ್ಖಾನೆ. ಗವಾಕ್ಷಿಗೆ ರಟ್ಟು, ರಟ್ಟಿನ ಮೇಲೆ ಹಳೇ ಕಪ್ಪು ಲಂಗ, ಬಾಗಿಲ ಸಂದಿಗೆ ಟವೆಲ್. ಬಾಗಿಲು ಹಾಕಿದರೆ ಕಣ್ಣೆದುರಿಗಿನ ಕೈ ಕಾಣದು. ಆ ಕತ್ತಲೆಯಲ್ಲಿ ಫಿಲ್ಮನ್ನು ಸುರುಳಿಗೆ ಸುತ್ತಿ, ಬೆಳಕು ನುಸುಳದ ಡಬ್ಬಿಯೊಳಗೆ ಇಟ್ಟು ಮುಚ್ಚಳ ಬಿಗಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಆಮೇಲೆ ದೀಪ ಹಾಕಿಕೊಂಡು ಮಂಜುಗಡ್ಡೆಯ ಬೇಸಿನ್ನಿನಲ್ಲಿ ತಣ್ಣಗಾದ ಡೆವಲಪರ್ ಸುರಿಯಬೇಕು, ಅಲ್ಲಾಡಿಸಬೇಕು, ಚೆಲ್ಲಬೇಕು. ನಂತರ ಚಿತ್ರ ನಿಲ್ಲುವುದಕ್ಕೆ ಹೈಪೋ ಹಾಕಬೇಕು. ಕೊನೆಯ ತೊಳೆತಕ್ಕೆ ಬೋರ್‌ವೆಲ್ ನೀರು ನಡೆಯುವುದಿಲ್ಲ, ಉಪ್ಪಿನ ಚುಕ್ಕೆ ನಿಲ್ಲುತ್ತದೆ. ಕುಡಿಯುವ ಕ್ಯಾನ್ ನೀರೇ ಬೇಕು. ಈ ವಿಷಯಕ್ಕೆ ಕಮಲಾಕರ ಎರಡು ಕೆಂಪು ದೀಪ ತೋರಿಸಿದ್ದಾನೆ.

ಇಷ್ಟೆಲ್ಲ ನಡೆಯುವಾಗ ಬಚ್ಚಲಿನ ಬಾಗಿಲಾಚೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುವವರು ಅತ್ತೆ ಪುಟ್ಟತಾಯಮ್ಮ. ಎಂಬತ್ತು ದಾಟಿದ ಜೀವ. ಗುಂಡ್ಲುಪೇಟೆಯ ಕಡೆಯ ಹಳ್ಳಿಯಿಂದ ಮಗನ ಮನೆಗೆ ಬಂದು ಬಹಳ ಕಾಲವಾಯಿತು. ತಮಿಳನ್ನು ತರಕಾರಿ ಗಾಡಿಯವರ ಹತ್ತಿರ ಜಗಳ ಆಡಿ ಆಡಿ ಕಲಿತವರು. ಹಣೆಯ ತುಂಬ ವಿಭೂತಿ, ಬೆಳ್ಳಿಯ ಹಾಗೆ ಬಿಳೀ ಕೂದಲು, ಬಾಯಲ್ಲಿ ಸದಾ ಎಲೆಅಡಿಕೆ. ಹೆರಿಗೆ ಕೋಣೆಯ ಹೊರಗೆ ಕೂತವರ ಹಾಗೆ ಗಳಿಗೆಗೊಮ್ಮೆ ಬಾಗಿಲು ಬಡಿದು, "ಆಯ್ತೇನವ್ವ? ಯಾರ್ ಯಾರ್ ಬಂದವ್ರೆ?" ಎಂದು ವಿಚಾರಿಸುತ್ತಾರೆ.

ಬೇರೆಯವರ ಫೋಟೊ ನೋಡಲು ಇಷ್ಟು ಆಸೆಯಿರುವ ಈ ಮುದುಕಿ ತನ್ನ ಫೋಟೊ ತೆಗೆಸಿಕೊಳ್ಳುವುದಿಲ್ಲ. ಮಧುರಾ ಮೊಬೈಲ್ ಎತ್ತಿದರೆ ಸೆರಗಿನಿಂದ ಮುಖ ಮುಚ್ಚುತ್ತಾರೆ. ಮದುವೆ ಮನೆಗಳಲ್ಲಿ ಫೋಟೊದವನು ಬಂದ ಕೂಡಲೇ ಅವರಿಗೆ ಅಡುಗೆಮನೆಯ ಕಡೆ ಏನೋ ಕೆಲಸ ನೆನಪಾಗುತ್ತದೆ. ಆಧಾರ್ ಕಾರ್ಡಿನಲ್ಲಿ ಇದೆಯಲ್ಲ ಎಂದರೆ, "ಅದು ಗೋರ್ಮೆಂಟಿಗೆ ತಗ್ದಿದ್ದು. ಅದು ನಾನಲ್ಲ ಬುಡು" ಎಂದುಬಿಡುತ್ತಾರೆ. ಅದನ್ನು ನೋಡಿದ ಯಾರೂ ಅವರ ಮಾತಿಗೆ ಎದುರಾಡಿಲ್ಲ.

ಇದಕ್ಕೆ ಕಾರಣ ನಡುಮನೆಯ ಗೋಡೆಯ ಮೇಲೆ ನೇತಾಡುತ್ತಿತ್ತು. ಸುಮತಿಯ ಮಾವ ಬದುಕಿದ್ದಾಗ ಒಂದು ಫೋಟೊವನ್ನೂ ತೆಗೆಸಿಕೊಂಡವರಲ್ಲ. ಕಮಲಾಕರ ಇನ್ನೂ ಕೈಗೂಸಾಗಿದ್ದಾಗ ಅವರು ತೀರಿಕೊಂಡ ದಿನ, ಅವರ ಕಡೆಯ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಪೇಟೆಯಿಂದ ಸ್ಟುಡಿಯೋದವನನ್ನು ಕರೆಸಿ ಒಂದು ಫೋಟೊ ತೆಗೆಸಿದರು. ಮುಚ್ಚಿದ ಕಣ್ಣಿನ ಫೋಟೊ ಗೋಡೆಗೆ ಚೆನ್ನಾಗಿರುವುದಿಲ್ಲವೆಂದು ಆ ಸ್ಟುಡಿಯೋದವನೇ ಅದರ ಮೇಲೆ ಎರಡು ತೆರೆದ ಕಣ್ಣು ಬರೆದುಕೊಟ್ಟ. ಆಗಿನ ಕಾಲಕ್ಕೆ ಎಲ್ಲರೂ ಮಾಡಿಸುತ್ತಿದ್ದುದೇ. ಎಲ್ಲರೂ ಚೆನ್ನಾಗಿ ಬಂದಿದೆ ಎಂದರು. ಪುಟ್ಟತಾಯಮ್ಮ ಮಾತ್ರ, "ಅವುರ ಕಣ್ಣಲ್ಲ ಕನವ್ವ ಅದು" ಎಂದು ಒಂದೇ ಸಲ ಹೇಳಿ ಸುಮ್ಮನಾದರು. ಅಂದಿನಿಂದ ಫೋಟೊ ಎಂದರೆ ಅವರಿಗೆ ಗೋಡೆ, ಹಾರ ಮತ್ತು ಯಾರದೋ ಕಣ್ಣು.

ಸುಮತಿಗೆ ಮಾತ್ರ ಆಸೆ ಬಿಡದು. ಅತ್ತೆಗೆ ವಯಸ್ಸಾಯಿತು. ನಾಳೆ ಹೋಗಿಬಿಟ್ಟರೆ ಇವರಿಗೂ ಅದೇ ಗತಿಯಾಗಬಾರದು, ಬದುಕಿರುವ ಕಣ್ಣಿನ ಒಂದು ಫೋಟೊ ಬೇಕು ಎಂಬುದು ಅವಳ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಕೇಳಿದರೆ ಅತ್ತೆ ಎದ್ದು ಹೋಗುತ್ತಿದ್ದರು.

ಕಡೆಗೆ ಅತ್ತೆ ಒಪ್ಪಿದ್ದು ಯಾರ ಮಾತಿಗೂ ಅಲ್ಲ, ಒಂದು ನೆಗೆಟಿವ್ ನೋಡಿ. ಕೆಳಗಿನ ಮನೆಯ ಸೀತಾ ಅವರ ಫೋಟೊ ಇದ್ದ ಫಿಲ್ಮನ್ನು ಸುಮತಿ ಕಿಟಕಿಗೆ ಹಿಡಿದು ತೋರಿಸುತ್ತಿದ್ದಳು. ಸೀತಾ ಅವರದೂ ಬಿಳೀ ತಲೆಯೇ. ನೆಗೆಟಿವಿನಲ್ಲಿ ಎಲ್ಲ ತಲೆಕೆಳಗು ತಾನೆ? ಬಿಳಿ ಇದ್ದದ್ದು ಕಪ್ಪು, ಕಪ್ಪು ಇದ್ದದ್ದು ಬಿಳಿ.

"ಅಯ್, ಸೀತಮ್ಮನ ಕೂದ್ಲು ಕರ್ರಗಾಗದಲ್ಲ!" ಪುಟ್ಟತಾಯಮ್ಮ ಫಿಲ್ಮಿಗೆ ಮೂಗು ತಾಗಿಸಿದರು. "ನಂದು ತಗುದ್ರೂ ಇಂಗೇ ಬತ್ತದಾ?"

"ಬರುತ್ತೆ ಅತ್ತೆ. ನಿಮ್ಮದು ಇನ್ನೂ ಕಪ್ಪಗೆ ಬರುತ್ತೆ."

ಮುದುಕಿ ಒಂದು ಗಳಿಗೆ ಎಲೆಅಡಿಕೆ ಅಗಿದರು. "ಅಂಗಾರೆ ಒಂದ್ ತಗಿ. ಒಂದೇ ಒಂದು. ಇನ್ನೊಂದು ಅಂತ ಹಲ್ಲು ಗಿಂಜ್ಕಂಡು ಬರ್ಬ್ಯಾಡ. ಗೋಡೆಗೆ ಒರಗಿಸ್ಬ್ಯಾಡ ನನ್ನ."

ಫ್ಲಾಟಿನಲ್ಲಿ ಎಲ್ಲಿ ನಿಲ್ಲಿಸಿದರೂ ಬೆನ್ನಿಗೆ ಗೋಡೆಯೇ. ಹಾಗಾಗಿ ಒಂದು ಭಾನುವಾರ ಸಂಜೆ ಟ್ಯಾಕ್ಸಿ ಮಾಡಿಕೊಂಡು, ಊರಿನ ಈ ತುದಿಯಿಂದ ಆ ತುದಿಗೆ, ಬೆಸೆಂಟ್ ನಗರದ ಬೀಚಿಗೆ ಹೋದರು. ಸುಮತಿ ಅಂದುಕೊಂಡಿದ್ದು ಅತ್ತೆಯನ್ನು ಸಮುದ್ರದ ಮುಂದೆ ಗಂಭೀರವಾಗಿ ನಿಲ್ಲಿಸಬೇಕೆಂದು. ಅತ್ತೆ ಸಮುದ್ರದ ಕಡೆ ತಿರುಗಿಯೂ ನೋಡಲಿಲ್ಲ. ಅವರ ಕಣ್ಣು ಬಲೂನಿಗೆ ಗುರಿಯಿಟ್ಟು ಹೊಡೆಯುವ ಆಟದ ಮೇಲೆ ಬಿತ್ತು. ಸೀದಾ ಹೋಗಿ ಬಂದೂಕು ಎತ್ತಿಕೊಂಡರು.

"ಪಾಟಿ, ಒರು ಕಣ್ಣ ಮೂಡಿಕ್ಕೋಂಗ" ಎಂದ ಬಲೂನಿನವ. ಪುಟ್ಟತಾಯಮ್ಮ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅಗಲಿಸಿ, ಬಾಯಿ ಓರೆ ಮಾಡಿ ಗುರಿಯಿಟ್ಟರು. ಗಾಳಿಗೆ ಸೆರಗು ಹಾರುತ್ತಿತ್ತು. ಸುಮತಿ ಬೇರೇನೂ ಯೋಚಿಸದೆ ಗುಂಡಿ ಒತ್ತಿದಳು. ಅತ್ತೆಯ ಒಂದೇ ಒಂದು ಫೋಟೊ ಹಾಗೆ ಆಯಿತು. ಬಲೂನು ಒಂದೂ ಒಡೆಯಲಿಲ್ಲ.

ಆಗಲೇ ಮನೆಗೆ ಬಂದು ಫಿಲ್ಮ್ ತೊಳೆದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಸುಮತಿಯ ಜಾಯಮಾನ ಗೊತ್ತಲ್ಲ! ರೋಲಿನಲ್ಲಿ ಇನ್ನೂ ಬೇಕಾದಷ್ಟು ಫೋಟೊಗಳಿಗೆ ಜಾಗ ಉಳಿದಿತ್ತು. ಖಾಲಿ ಫಿಲ್ಮನ್ನು ತೊಳೆದು ಹಾಳು ಮಾಡುವುದಕ್ಕೆ ಅವಳಿಗೆ ಮನಸ್ಸು ಬಾರದು. "ನನ್ ಫೋಟೊ ಎಲ್ಲವ್ವ?" ಎಂದು ಅತ್ತೆ ದಿನಾ ಕೇಳುವುದು, "ರೋಲ್ ಮುಗೀಲಿ ಅತ್ತೆ" ಎಂದು ಸೊಸೆ ದಿನಾ ಹೇಳುವುದು. ರೋಲ್ ಮುಗಿಸಲೆಂದೇ ಒಂದು ಬೆಳಿಗ್ಗೆ ಕಮಲಾಕರನನ್ನು ಎಬ್ಬಿಸಿಕೊಂಡು ಮೀನುದೋಣಿಗಳ ಬಂದರು ಕಾಸಿಮೇಡಿಗೆ ಹೋಗಿ ಮೀನಿನ ಹರಾಜಿನ ಫೋಟೊ ತೆಗೆದಳು. ಹುಟ್ಟಿದಾಗಿನಿಂದ ಮೀನು ಮುಟ್ಟದ ದಂಪತಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಹರಾಜು ಕೂಗುವವರ ನಡುವೆ ನಿಂತದ್ದನ್ನು ನೋಡಿ ಮೀನಿನ ಹೆಂಗಸರು ನಕ್ಕರು. ಆ ನಗುವಿನ ಫೋಟೊವನ್ನೂ ತೆಗೆದಳು. ಆದರೂ ರೋಲ್ ಮುಗಿಯಲಿಲ್ಲ, ಆಯುಧಪೂಜೆ ಬಂತು.

ಆಯುಧಪೂಜೆಯ ಯಜಮಾನಿಕೆ ಆ ಮನೆಯಲ್ಲಿ ಪುಟ್ಟತಾಯಮ್ಮನದೇ. ಸ್ಕೂಟರು, ಮಿಕ್ಸಿ, ಗ್ರೈಂಡರು, ಹೊಲಿಗೆ ಯಂತ್ರ, ಮಧುರಾಳ ಲ್ಯಾಪ್‌ಟಾಪು, ಕಮಲಾಕರನ ಸ್ಪ್ಯಾನರುಗಳು, ಫಿಲ್ಮ್ ತೊಳೆಯುವ ಡಬ್ಬಿ, ಥರ್ಮಾಮೀಟರು, ಎಲ್ಲಕ್ಕೂ ಮೂರು ಬೆರಳಿನ ವಿಭೂತಿ, ಮೇಲೊಂದು ಕುಂಕುಮದ ಬೊಟ್ಟು, ಒಂದು ಚೆಂಡುಹೂವು. ಕ್ಯಾಮೆರಾವನ್ನು ಪೀಠದ ಮೇಲೆ ದೇವರ ಪಕ್ಕದಲ್ಲೇ ಇಟ್ಟರು. ತನ್ನ ಫೋಟೊ ಅದರೊಳಗಿದೆ ಎಂಬ ವಿಶೇಷ ಪ್ರೀತಿ. ಆ ದಿನ ಆಯುಧ ಮುಟ್ಟುವಂತಿಲ್ಲ. ಮರುದಿನ ಬೆಳಿಗ್ಗೆ ಸುಮತಿ ಸ್ನಾನ ಮಾಡಿ, ಕೈಮುಗಿದು, ಕ್ಯಾಮೆರಾ ಎತ್ತಿಕೊಂಡಳು.

ಎಷ್ಟು ಫೋಟೊ ಆಯಿತೆಂದು ತೋರಿಸುವ ಪುಟ್ಟ ಮುಳ್ಳು ಆ ಕ್ಯಾಮೆರಾದ ತಲೆಯ ಮೇಲಿದೆ. ಅದು ಸೊನ್ನೆಗೆ ಬಂದು ನಿಂತಿತ್ತು. ಅದು ಹಾಗೆ ಬಂದು ನಿಲ್ಲುವುದು ಹಿಂಬದಿಯ ಬಾಗಿಲು ತೆಗೆದಾಗ ಮಾತ್ರ. ಒಳಗೆ ಫಿಲ್ಮ್ ಇರುವಾಗ ಬಾಗಿಲು ತೆಗೆದರೆ ಬೆಳಕು ನುಗ್ಗಿ ಚಿತ್ರವೆಲ್ಲ ಸುಟ್ಟಹಾಗೆ ಕಪ್ಪಾಗುತ್ತದೆ.

"ಕ್ಯಾಮೆರಾ ಯಾರು ತೆಗೆದಿದ್ದು?" ಸುಮತಿಯ ಕೂಗಿಗೆ ಕಮಲಾಕರ ಹಲ್ಲುಜ್ಜುವುದನ್ನು ಬಿಟ್ಟು ಬಂದ. ತಾನಲ್ಲ ಎಂದ. "ನಾನ್ ತೊಡವೇ ಇಲ್ಲ ಮಾ" ಎಂದಳು ಮಧುರಾ, ಮುಟ್ಟಿಯೇ ಇಲ್ಲವೆಂದು ತಮಿಳಿನಲ್ಲಿ. ಸುಮತಿ ಫಿಲ್ಮನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಕ್ಯಾಮೆರಾದೊಳಗಿನ ಅದರ ಪುಟ್ಟ ಡಬ್ಬಿಗೆ ಸೇರಿಸಿ, ಬಾಗಿಲು ತೆಗೆದಳು. ಬಾಗಿಲಿನ ಒಳಮೈಗೆ ಅಚ್ಚುಕಟ್ಟಾಗಿ ಮೂರು ಗೆರೆ ವಿಭೂತಿ ಎಳೆದಿತ್ತು, ನಡುವೆ ಒಂದು ಕುಂಕುಮದ ಬೊಟ್ಟು.

ಮೂವರೂ ಪುಟ್ಟತಾಯಮ್ಮನ ಕಡೆ ತಿರುಗಿದರು.

"ನಾನೇಯ" ಎಂದರು ಅವರು, ಹೊಗಳಿಕೆಗೆ ಕಾದವರ ಹಾಗೆ. "ಮಿಕ್ಸಿಗೆ ಮ್ಯಾಲೆ ಹಚ್ಚುದ್ರೆ ಸಾಕು. ಇದ್ರ ಕೆಲ್ಸ ನಡ್ಯಾದು ಒಳಗಲ್ವಾ? ಹೊರ್ಗೆ ಹಚ್ಚಿ ಏನ್ ಬಂತು? ನೀನು ಆ ಗುಬುಟು ಎಳ್ದು ತಗ್ಯಾದ ದಿನಾ ನೋಡ್ತೀನಲ್ಲ, ಅಂಗೇ ತಗ್ದೆ."

ಸುಮತಿಗೆ ಬಂದ ಕೋಪ ಅಷ್ಟಿಷ್ಟಲ್ಲ. ಅತ್ತೆಗೆ ಎಂದೂ ಎದುರು ಮಾತಾಡದವಳು ಅಂದು ಬಾಯಿಗೆ ಬಂದದ್ದೆಲ್ಲ ಆಡಿದಳು. "ಎಲ್ಲದಕ್ಕೂ ಕೈ ಹಾಕೋದು ಯಾಕೆ ಅತ್ತೆ? ಅದರೊಳಗೆ ಏನಿತ್ತು ಗೊತ್ತಾ? ನೀವೇ ಇದ್ರಿ! ಬೆಳಕು ಬಿದ್ದು ಎಲ್ಲ ಹೋಯ್ತು!"

ಪುಟ್ಟತಾಯಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖದ ನಗು ಮಾಯವಾಯಿತು. "ಅಂಗಾರೆ ನಾನು ಹೋದ್ನಾ?" ಎಂದರು ಮೆಲ್ಲಗೆ. ಅವರು ತಮ್ಮ ಕೋಣೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದರು. ಕಾಫಿ ಬೇಡವೆಂದರು. ಪುಟ್ಟತಾಯಮ್ಮ ಕಾಫಿ ಬೇಡ ಎಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಸುಮತಿಯ ಕೋಪವೆಲ್ಲ ಇಳಿಯಿತು. ಹಬ್ಬದ ದಿನ ಮುದುಕಿಯನ್ನು ಅಳುವ ಹಾಗೆ ಮಾಡಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಇನ್ನೊಂದು ತೆಗೆಯುತ್ತೇನೆ ಎಂದು ಕೇಳುವ ಬಾಯಿಯೂ ಅವಳಿಗೆ ಇರಲಿಲ್ಲ. ಒಂದೇ ಒಂದು ಎಂದು ಮೊದಲೇ ಮಾತಾಗಿತ್ತು.

ಮಧುರಾ ಮೊಬೈಲ್ ನೋಡಿಕೊಂಡು ಅಡುಗೆಮನೆಗೆ ಬಂದಳು. "ಅಮ್ಮಾ, ಚಾನ್ಸ್ ಇರುಕ್ಕು ಮಾ."

"ಕನ್ನಡದಲ್ಲಿ ಹೇಳೇ, ತಲೆ ಓಡ್ತಿಲ್ಲ ನಂಗೆ."

"ಚಾನ್ಸ್ ಇದೆ ಮಾ. ತೆಗೆದ ಫೋಟೊ ಎಲ್ಲಾ ಒಳಗೆ ಸುತ್ತಿಕೊಂಡು ಇರುತ್ತೆ ಅಲ್ಲ? ರೋಲ್ ಮಾಡಿದ ಚಾಪೆ ತರ. ಬೆಳಕು ಮೊದಲು ಮೇಲಿನ ಸುತ್ತಿಗೆ ತಾನೆ ಬೀಳುತ್ತೆ? ಅಜ್ಜಿ ಒಂದೇ ಸೆಕೆಂಡ್ ತೆಗೆದಿದ್ರೆ ಒಳಗಿನ ಸುತ್ತು ಸೇಫ್ ಆಗಿರಬಹುದು."

ಸುಮತಿ ಸೌಟು ಹಿಡಿದುಕೊಂಡೇ ಯೋಚಿಸಿದಳು. ಬೀಚಿನ ಫೋಟೊ ಮೊದಲು. ಅದರ ಮೇಲೆ ಕಾಸಿಮೇಡಿನ ಮೀನುಗಳೆಲ್ಲ ಸುತ್ತಿಕೊಂಡಿವೆ. ಅತ್ತೆಯನ್ನು ದಿನಾ ಕಾಯಿಸಿದ ತನ್ನ ಜಿಪುಣತನವೇ ಅತ್ತೆಯ ಮೇಲೆ ಹೊದಿಕೆ ಹೊದಿಸಿದೆಯೋ ಏನೋ. ಫ್ರೀಜರ್ ತೆಗೆದು ನೋಡಿದಳು, ಮಂಜುಗಡ್ಡೆ ಗಟ್ಟಿಯಾಗಿತ್ತು. ಮಧ್ಯಾಹ್ನದ ಅಡುಗೆ ಅರ್ಧಕ್ಕೆ ಬಿಟ್ಟು ಬಚ್ಚಲಿನ ಗವಾಕ್ಷಿಗೆ ರಟ್ಟು ಸಿಕ್ಕಿಸಿದಳು.

ಬಾಗಿಲು ಹಾಕಬೇಕು ಎನ್ನುವಷ್ಟರಲ್ಲಿ ಅತ್ತೆ ಎದ್ದು ಬಂದರು. "ಕೆಡಿಸ್ದೋಳು ನಾನು. ನಾನೂ ಒಳ್ಗೆ ಬತ್ತೀನಿ."

"ಒಳಗೆ ಸೆಕೆ ಅತ್ತೆ. ಏನೂ ಕಾಣಲ್ಲ."

"ಕಾಣ್ದಿದ್ರೆ ಕೈ ಹಾಕಕ್ಕೂ ಆಗಲ್ವಲ್ಲ, ಒಳ್ಳೇದೇ ಆಯ್ತು" ಎಂದು ಒಳಗೆ ಬಂದು, ಬಕೆಟ್ಟು ಬೋರಲು ಹಾಕಿಕೊಂಡು ಕೂತೇಬಿಟ್ಟರು. ಸುಮತಿ ಬಾಗಿಲು ಹಾಕಿ ಟವೆಲ್ ತುರುಕಿ ದೀಪ ಆರಿಸಿದಳು.

ಬೆವರಿದ ಕೈಗೆ ಫಿಲ್ಮ್ ಅಂಟಿಕೊಳ್ಳುತ್ತಿತ್ತು. ಸುರುಳಿಯ ಬಾಯಿಗೆ ಸಿಕ್ಕಿಸಿದರೆ ಜಾರುತ್ತಿತ್ತು, ಜಾರಿದ್ದನ್ನು ಹಿಡಿದರೆ ಮಡಿಚಿಕೊಳ್ಳುತ್ತಿತ್ತು. ಬೇರೆ ದಿನ ಕಣ್ಣು ಮುಚ್ಚಿ ಮಾಡುವ ಕೆಲಸ ಇವತ್ತು ಕೈಗೆ ಹತ್ತಲೊಲ್ಲದು. "ಅತ್ತೆ, ಮಾತಾಡ್ತಾ ಇರಿ" ಎಂದಳು, "ಇಲ್ಲದಿದ್ರೆ ನಂಗೆ ಅಳು ಬರುತ್ತೆ."

"ಏನ್ ಮಾತಾಡನೆ?"

"ಏನಾದ್ರೂ. ಮಾವನ ವಿಷಯ ಹೇಳಿ. ನಾನು ಅವರನ್ನ ನೋಡೇ ಇಲ್ವಲ್ಲ."

ಕತ್ತಲೆಯಲ್ಲೇ ಪುಟ್ಟತಾಯಮ್ಮ ಶುರು ಮಾಡಿದರು: "ಅವುರ ಕಣ್ಣು ಕರಿದಲ್ಲ ಕನವ್ವ. ಬೆಕ್ಕಿನ್ ಕಣ್ಣು. ಬಿಸುಲ್ಗೆ ನಿಂತ್ಕಂಡ್ರೆ ಜೇನ್ತುಪ್ಪದಂಗೆ ಕಾಣವು. ಮದ್ವೆ ದಿನ ನಾನು ಮೊದ್ಲು ನೋಡಿದ್ದೇ ಅದ. ಹೆದ್ರಿ ತಲೆ ಬಗ್ಗಿಸ್ಬುಟ್ಟೆ. 'ಯಾಕಮ್ಮಿ, ಕಚ್ಚಲ್ಲ ನಾನು' ಅಂದ್ರು ಮೆತ್ತಗೆ. ನಗ್ಯಾಡದೂ ಕಣ್ಣಲ್ಲೇಯ ಅವುರು, ಬಾಯಲ್ಲಲ್ಲ."

ಸುಮತಿಯ ಕೈ ನಿಂತಿತು.

"ಆ ಸ್ಟುಡಿಯೋದವ ಒಂದಿನಾರೂ ಅವುರ್ನ ನೋಡ್ದೋನಲ್ಲ. ಇದ್ಲು ಇಟ್ಟಂಗೆ ಎಲ್ಡು ಕಣ್ಣು ಬರ್ದು ಕೊಟ್ಟ. ಎಲ್ಲಾರೂ ಅದ್ಕೆ ಕೈ ಮುಗುದ್ರು. ನಾನೂ ಮುಗುದೆ. ನಮ್ ಮಧುರಂಗೆ ಬಂದವೆ ನೋಡು, ಅಂಥವೇ ಕಣ್ಣು. ಅದ್ಕೇ ಆ ಹೆಣ್ಣು ಏನ್ ಮಾಡುದ್ರೂ ನಂಗೆ ಕೋಪ ಬರಲ್ಲ."

"ಅವರ ಕಣ್ಣು ಹೀಗಿತ್ತು ಅಂತ ಯಾರಿಗೂ ಹೇಳ್ಲೇ ಇಲ್ವಲ್ಲ ಅತ್ತೆ, ಇಷ್ಟು ವರ್ಷ?"

"ಯಾರ್ ಕೇಳುದ್ರು?"

ಪ್ರತಿ ಸೋಮವಾರ ಆ ಫೋಟೊದ ಗಾಜು ಒರೆಸಿ ಹೂ ಇಡುತ್ತಿದ್ದವಳು ಸುಮತಿಯೇ. ಅವಳಿಗೆ ನಾಚಿಕೆಯಾಯಿತು, ಅತ್ತೆಯ ಮೇಲೆ ಹೇಳಲಾಗದಷ್ಟು ಪ್ರೀತಿಯೂ ಉಕ್ಕಿತು. ಕೈಯನ್ನು ಸೀರೆಗೆ ಚೆನ್ನಾಗಿ ಒರೆಸಿಕೊಂಡು ಫಿಲ್ಮನ್ನು ಮತ್ತೆ ಸುರುಳಿಯ ಬಾಯಿಗೆ ಇಟ್ಟಳು. ಈ ಸಲ ಅದು ತಕರಾರು ಮಾಡದೆ ಸರಸರ ಒಳಗೆ ಹೋಯಿತು.

ಅಷ್ಟರಲ್ಲಿ ಹೊರಗಿನಿಂದ ಕಮಲಾಕರನ ದನಿ: "ಸುಮತೀ, ಮೊಸರು ಎಲ್ಲಿದೆ? ಒಳಗೆ ಬರ್ಲಾ?"

"ಬಾಗ್ಲು ತೆಗೀಬೇಡಿ!" ಎಂದು ಸೊಸೆ, "ತಗುದ್ರೆ ಕಾಲ್ ಮುರಿತೀನಿ!" ಎಂದು ಅತ್ತೆ, ಇಬ್ಬರೂ ಒಟ್ಟಿಗೆ ಕೂಗಿಕೊಂಡರು. ಹೊರಗೆ ಹೆಜ್ಜೆಯ ಸದ್ದು ದೂರವಾಯಿತು. ಮೊದಲ ಸಲ ಅವನಿಗೇ ಕೆಂಪು ದೀಪ ಬಿದ್ದಿತ್ತು. ಒಳಗೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುಚ್ಚಳ ಬಿಗಿದು ದೀಪ ಹಾಕಿದ ಮೇಲೆ ಡೆವಲಪರ್ ಸುರಿದಳು. ಥರ್ಮಾಮೀಟರಿನ ಮೇಲಿನ ಹಬ್ಬದ ಕುಂಕುಮವನ್ನು ಒರೆಸಿ ತೆಗೆಯಬೇಕಾಯಿತು. ಅಲ್ಲಾಡಿಸುವುದು, ಚೆಲ್ಲುವುದು, ಹೈಪೋ ಹಾಕುವುದು, ಎಲ್ಲವನ್ನೂ ಅತ್ತೆ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನೋಡಿದರು. ಸುಮತಿ ಮುಚ್ಚಳ ತೆಗೆದು ಫಿಲ್ಮನ್ನು ಸುರುಳಿಯಿಂದ ಬಿಚ್ಚತೊಡಗಿದಳು.

ಮೊದಲು ಏನೂ ತೆಗೆಯದೆ ಉಳಿದಿದ್ದ ಖಾಲಿ ಫಿಲ್ಮ್ ಬಂತು. ಆಮೇಲೆ ಇದ್ದಿಲಿನ ಹಾಗೆ ಕಪ್ಪು. ಇನ್ನೂ ಬಿಚ್ಚಿದಳು, ಕಪ್ಪೇ. ಕಾಸಿಮೇಡಿನ ಹರಾಜು, ದೋಣಿಗಳು, ನಕ್ಕ ಹೆಂಗಸರು, ಯಾರೂ ಇರಲಿಲ್ಲ. "ಹೋಯ್ತಾ?" ಎಂದರು ಅತ್ತೆ. ಸುಮತಿ ಬಿಚ್ಚುವುದನ್ನು ನಿಲ್ಲಿಸಲಿಲ್ಲ. ಒಂದು ಗೇಣು ಬಿಚ್ಚಿದಾಗ ಕಪ್ಪು ತೆಳುವಾಯಿತು, ಒಂದು ದೋಣಿಯ ಮೂತಿ ಕಾಣಿಸಿತು. ಮತ್ತೊಂದು ಗೇಣಿಗೆ ಕಪ್ಪು ಅಂಚಿಗೆ ಸರಿಯಿತು. ಅಂಚಿನ ಈಚೆಗೆ, ಹಾರುವ ಸೆರಗಿನೊಂದಿಗೆ, ಬಂದೂಕು ಹಿಡಿದು ಪುಟ್ಟತಾಯಮ್ಮ ನಿಂತಿದ್ದರು.

"ಬಂದ್ರಿ ಅತ್ತೆ! ಬಂದ್ರಿ!" ಸುಮತಿ ಒದ್ದೆ ಕೈಯಲ್ಲೇ ಅತ್ತೆಯನ್ನು ತಬ್ಬಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಸದ್ದು ಕೇಳಿ ಕಮಲಾಕರನೂ ಮಧುರಾಳೂ ಓಡಿ ಬಂದರು. ವಿಭೂತಿ ಒಳಗಿದ್ದದ್ದಕ್ಕೇ ದೇವರು ಕಾಪಾಡಿದ ಎಂದು ಕಮಲಾಕರ ತೀರ್ಪು ಕೊಟ್ಟ. ಕಾಪಾಡಿದ್ದು ಮೀನು ಎಂದು ಮಧುರಾ ಹೇಳಿದ್ದನ್ನು ಅವನು ಕೇಳಿಸಿಕೊಳ್ಳಲಿಲ್ಲ.

ಫಿಲ್ಮ್ ಒಣಗಿದ ಮೇಲೆ ಸುಮತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಪುಟ್ಟತಾಯಮ್ಮ ಕನ್ನಡಕ ಒರೆಸಿಕೊಂಡು ನೋಡಿದರು. ತಲೆ ತುಂಬ ಕಪ್ಪು ಕೂದಲು. "ಒಳ್ಳೆ ಮದ್ವೆ ಹೆಣ್ಣಾಗಿವ್ನಿ" ಎಂದು ತಾವೇ ಹೇಳಿಕೊಂಡು ಕಿಸಕ್ಕನೆ ನಕ್ಕರು. ಮಧುರಾ ನೆಗೆಟಿವನ್ನು ಟ್ಯಾಬಿನ ಬಿಳೀ ಪರದೆಯ ಮೇಲೆ ಇಟ್ಟು, ಮೊಬೈಲಿನಲ್ಲಿ ತೆಗೆದು, ಬಣ್ಣ ತಿರುಗಿಸಿ ಅಜ್ಜಿಯ ಕೈಗೆ ಕೊಟ್ಟಳು. ಈಗ ಕೂದಲು ಬೆಳ್ಳಗಾಯಿತು, ಒಂದು ಅಂಚಿನಲ್ಲಿ ಬೆಳಕು ನುಗ್ಗಿದ್ದ ಜಾಗ ಮಂಜು ಕವಿದ ಹಾಗಿತ್ತು. ಒಂದು ಕಣ್ಣು ಮುಚ್ಚಿತ್ತು. ಇನ್ನೊಂದು, ಸುಕ್ಕುಗಳ ನಡುವೆ, ಬಲೂನನ್ನು ಬಿಡುವುದಿಲ್ಲ ಎನ್ನುವ ಹಾಗೆ ಅಗಲವಾಗಿ ತೆರೆದಿತ್ತು.

ಪುಟ್ಟತಾಯಮ್ಮ ಬಹಳ ಹೊತ್ತು ನೋಡಿದರು. ಮೊಬೈಲ್ ಆರಿಹೋದಾಗಲೆಲ್ಲ ಮಧುರಾ ಬೆಳಗಿಸಿ ಕೊಟ್ಟಳು.

"ನಾನೇಯ" ಎಂದರು ಕಡೆಗೆ. "ದೊಡ್ದು ಮಾಡ್ಸಿ ಫ್ರೇಮ್ ಹಾಕ್ಸು. ನಿಮ್ಮಾವನ ಪಕ್ಕಕ್ಕ ತಗ್ಲಾಕು."

"ಅವ್ವಾ!" ಕಮಲಾಕರ ಗಾಬರಿಯಾದ. "ಬಿಡ್ತು ಅನ್ನು! ಬದುಕಿರೋರ ಫೋಟೊನ ಆ ಸಾಲಲ್ಲಿ ಹಾಕ್ತಾರಾ? ಕಾಲ ಬಂದಾಗ ನೋಡ್ಕೊಂಡ್ರಾಯ್ತು."

"ಕಾಲ ಬಂದಾಗ ನೋಡಕ್ಕ ನಾನೆಲ್ಲಿರ್ತೀನ್ಲಾ?" ಎಂದರು ಪುಟ್ಟತಾಯಮ್ಮ. ದನಿಯಲ್ಲಿ ಕೋಪವಿರಲಿಲ್ಲ. "ನಿಮ್ಮಪ್ಪ ಅವುರ ಫೋಟೊವ ನೋಡ್ನಿಲ್ಲ. ನೋಡಿದ್ರೆ, ಇದು ನನ್ ಕಣ್ಣಲ್ಲ ಅಂತ ಅವುರೇ ಹೇಳೋರು. ನಾನು ಇರುವಾಗ್ಲೇ ಹಾಕ್ರಿ. ಬಂದೋರ್ಗೆಲ್ಲ ನಾನೇ ಹೇಳ್ತೀನಿ, ಇದು ನಾನು ಅಂತ."

ಕಮಲಾಕರನಿಗೆ ತೋರಿಸಲು ಯಾವ ದೀಪವೂ ಸಿಗಲಿಲ್ಲ. ಅವನು ಗೋಡೆಯ ಮೇಲಿನ ಅಪ್ಪನ ಮುಖವನ್ನು ಸ್ವಲ್ಪ ಹೊತ್ತು ನೋಡಿದ, ಆಮೇಲೆ ಮೊಳೆ ಹುಡುಕಲು ಹೋದ. ಫ್ರೇಮ್ ಬಂದ ದಿನ ಪುಟ್ಟತಾಯಮ್ಮ ಕೆಳಗೆ ನಿಂತು, ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ, ಅವರ ಹತ್ತಿರಕ್ಕೆ ಎಂದು ಹೇಳಿ ಹೇಳಿ ತಗಲಿಹಾಕಿಸಿಕೊಂಡರು.